ಮುತ್ತಜ್ಜನ ಉಯಿಲು ಉಂಡ ಗೆದ್ದಲು ಮಹಾಶಯರಿಗೆ

ಸಮಸ್ತ ಓದುಗ ಮಹಾಜನರೇ, ಕನ್ನಡಕ ಏರಿಸಿಕೊಂಡು ಓದುವವರೇ, ಪಕ್ಕದವರ ಹೆಗಲ ಮೇಲಿಂದ ಪುಕ್ಕಟೆ ಓದುವವರೇ, ಈ ದೂರಿಗೆ ತಾವೆಲ್ಲ ಸಾಕ್ಷಿಯಾಗಿ ಒಂದು ಗಳಿಗೆ ಕೆಮ್ಮದೆ ಕುಳಿತಿರಬೇಕೆಂದು ಕೋರಿ, ಆಪಾದಿತರ ಕಡೆಗೆ ತಿರುಗುತ್ತೇನೆ.

ಕೋರ್ಟಿನ ಹಳೆಯ ದಾಖಲೆ ಕೋಣೆಯ ಕೆಳಗಿನ ಕಪಾಟಿನಲ್ಲಿ ತಲೆಮಾರುಗಳಿಂದ ಬಾಡಿಗೆಯಿಲ್ಲದೆ ವಾಸಿಸುತ್ತಿರುವ ಮಾನ್ಯ ಗೆದ್ದಲು ಮಹಾಶಯರೇ, ರಾಣಿಯಮ್ಮನವರೇ, ಮತ್ತು ಲೆಕ್ಕಕ್ಕೆ ಸಿಗದ ಮಕ್ಕಳುಮರಿಗಳೇ,

ತಮ್ಮ ಹಸಿವು, ಹಲ್ಲು, ಹುರುಪು ಎಲ್ಲವೂ ಸುಸ್ಥಿತಿಯಲ್ಲಿರುವುದನ್ನು ಕಣ್ಣಾರೆ ಕಂಡು ಬಂದಿರುವುದರಿಂದ ಕುಶಲ ವಿಚಾರಿಸುವ ಶಾಸ್ತ್ರವನ್ನು ಇಲ್ಲಿಗೇ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನ್ನ ಮುತ್ತಜ್ಜ ಗಡಿಯಾರ ರಿಪೇರಿಯವನು. ಆತನ ಅಂಗಡಿಯಿಂದ ನಮ್ಮ ವಂಶಕ್ಕೆ ಉಳಿದು ಬಂದದ್ದು ಒಂದೇ ಒಂದು ಗೋಡೆ ಗಡಿಯಾರ; ಊರಿನ ಗಡಿಯಾರಗಳನ್ನೆಲ್ಲ ಓಡಿಸಿದವನ ಮನೆಯ ಗಡಿಯಾರ ಮಾತ್ರ ಯಾಕೆ ನಿಂತೇ ಇದೆ ಎಂದು ಇಂದಿನವರೆಗೆ ಯಾರೂ ಕೇಳಿದವರಿಲ್ಲ. ಅದು ಈಗ ನನ್ನ ಚಿಕ್ಕಪ್ಪನ ನಡುಮನೆಯಲ್ಲಿ ತೂಗುತ್ತಿದೆ. ಅವರ ಅಕ್ಕ, ಅಂದರೆ ನನ್ನ ಸೋದರತ್ತೆ, ಪ್ರತಿ ಭಾನುವಾರ ಬಂದು ಅದರ ಕೆಳಗೇ ಕುರ್ಚಿ ಎಳೆದುಕೊಂಡು, ಕಾಫಿ ಕುಡಿದು, "ಹಿರಿ ಮೊಮ್ಮಗುವಿಗೆ ಅಂತ ಅಜ್ಜ ಉಯಿಲಲ್ಲಿ ಬರೆದಿದ್ದಾರೆ ಕಣೋ, ಯಾವಾಗ ಇಳಿಸಿ ಕೊಡ್ತೀಯ?" ಎಂದು ವಿಚಾರಣೆ ಶುರುಮಾಡುತ್ತಾರೆ, ಚಿಕ್ಕಪ್ಪ "ಮೊಮ್ಮಗನಿಗೆ ಅಂತ ಬರೆದಿದ್ದಾರೆ ಅಕ್ಕ, ನೀನು ಮೊದಲು ಕಿವಿ ತೋರಿಸಿಕೋ" ಎಂದು ಎರಡನೆಯ ಲೋಟ ಮುಂದಿಡುತ್ತಾರೆ. ಇಬ್ಬರೂ ಆ ಅಜ್ಜನ ಮುಖ ಕಂಡವರಲ್ಲ, ಉಯಿಲು ಓದಿದವರಂತೂ ಅಲ್ಲವೇ ಅಲ್ಲ. ಕಳೆದ ತಿಂಗಳು ವಾದ ಬಿಸಿಯೇರಿ, ಉಯಿಲನ್ನು ಹುಡುಕಿಸಿ ತರಿಸುವುದು, ಸೋತವರು ಗೆದ್ದವರ ಹೊಸ್ತಿಲನ್ನು ಜನ್ಮದಲ್ಲಿ ತುಳಿಯತಕ್ಕದ್ದಲ್ಲ ಎಂದು ಶಪಥವಾಗಿ, ವಂಶಾವಳಿ ಬರೆಯುವ ಹುಚ್ಚಿರುವ ನನ್ನನ್ನು ಹುಡುಕಾಟಕ್ಕೆ ಅಟ್ಟಲಾಯಿತು.

ಹಳೆಯ ಉಯಿಲನ್ನು ಹುಡುಕುವುದೆಂದರೆ ಏನೆಂದು ಅದರೊಳಗೇ ಹುಟ್ಟಿ ಬೆಳೆದ ತಮಗೆ ಹೇಳಬೇಕೆ? ಉಯಿಲು ಅಸಲಿ ಎಂದು ಕೋರ್ಟು ಒಪ್ಪಿ ಮುದ್ರೆ ಒತ್ತುವುದಕ್ಕೆ ಪ್ರೊಬೇಟ್ ಎನ್ನುತ್ತಾರೆಂದು ಓದಿಕೊಂಡು ಹೋದ ನಾನು, ಮುತ್ತಜ್ಜ ಸತ್ತ ವರ್ಷದ ಸಂಪುಟ ಕೇಳಿದೆ. ಗುಮಾಸ್ತರು ಹೆಸರೇನು ಎಂದರು. ಆಗ ಹೊಳೆಯಿತು, ನಮ್ಮ ಮನೆಯಲ್ಲಿ ಆತನನ್ನು ಎಲ್ಲರೂ "ಟಿಕ್‌ಟಿಕ್ ಅಜ್ಜ" ಎಂದೇ ಕರೆಯುತ್ತ ಬಂದು, ನಿಜವಾದ ಹೆಸರನ್ನು ಯಾರೂ ಉಳಿಸಿಕೊಂಡಿಲ್ಲ. ನಾನು ಅವಮಾನ ನುಂಗಿಕೊಂಡು 'ಟ' ಅಕ್ಷರದ ಪುಟಗಳನ್ನೆಲ್ಲ ಮಗುಚಿದೆ. ದಾಖಲೆ ಕೋಣೆಯ ಗುಮಾಸ್ತರು, ಕುಳಿತಲ್ಲಿಂದ ಏಳದಿರುವುದರಲ್ಲಿ ತಮ್ಮ ಊಟದ ಮೇಜಾದ ಆ ಕಪಾಟಿನಷ್ಟೇ ಗಟ್ಟಿಗರು, ಕಣ್ಣುಮುಚ್ಚಿಕೊಂಡೇ ಉಪದೇಶಿಸಿದರು: "ಸತ್ತ ವರ್ಷದಲ್ಲಿ ಯಾಕ್ರೀ ನೋಡ್ತೀರ? ಮನೆಯವರು ಜಗಳ ಮುಗಿಸಿಕೊಂಡು ಕೋರ್ಟಿಗೆ ಬಂದ ವರ್ಷ ನೋಡಿ." ನಮ್ಮ ಮನೆಯ ಜಗಳ ಇನ್ನೂ ಮುಗಿದಿಲ್ಲವಲ್ಲ ಸ್ವಾಮಿ, ಹಾಗಾದರೆ ಮುಂದಿನ ವರ್ಷದ ಸಂಪುಟ ಕೊಡಿ ಎನ್ನಬೇಕೆಂದುಕೊಂಡು ಮತ್ತೆ ಪುಟ ಮಗುಚತೊಡಗಿದೆ.

ಕೊನೆಗೆ ಹೆಸರು ಬಿಟ್ಟು ಕಸುಬು ಹಿಡಿದು, "ಗಡಿಯಾರ ರಿಪೇರಿ" ಎಂಬ ನಮೂದಿನ ಬಾಲ ಹಿಡಿದು, ಸಂಪುಟ ತೆಗೆಸಿದರೆ, ಆಹಾ, ಏನು ತಮ್ಮ ಕುಸುರಿ, ಏನು ತಮ್ಮ ಚಾಕರಿ! ರಟ್ಟು ಹಾಗೇ ಇದೆ, ಹೊಟ್ಟೆ ಖಾಲಿಯಾಗಿದೆ. ಬೆಳಕಿಗೆ ಹಿಡಿದರೆ ಜರಡಿ, ಕೆಳಗಿಟ್ಟರೆ ಹುಡಿ. ನಮ್ಮ ವಂಶದಲ್ಲಿ ಒಬ್ಬರೂ ಓದದ ದಾಖಲೆಯನ್ನು ತಾವು ಅಕ್ಷರ ಬಿಡದೆ, ಅನುಮತಿ ಚೀಟಿಗೆ ಸಾಲು ನಿಲ್ಲದೆ, ಊಟದ ವಿರಾಮಕ್ಕೂ ಏಳದೆ (ಊಟವೇ ಅದಾದ್ದರಿಂದ) ಪೂರ್ತಿ ಮುಗಿಸಿದ್ದೀರಿ. ಇಂಥ ಶ್ರದ್ಧೆ ನಮ್ಮ ಕಾಲೇಜಿನಲ್ಲಿದ್ದಿದ್ದರೆ ನಾನೂ ಇಂದು ಎಲ್ಲೋ ಇರುತ್ತಿದ್ದೆ.

ಆದ್ದರಿಂದ ತಮ್ಮಲ್ಲಿ ವಿನಯಪೂರ್ವಕ ಬೇಡಿಕೆಗಳು. ತಿಂದ ಉಯಿಲಿನ ದೃಢೀಕೃತ ನಕಲೊಂದನ್ನು, ಜೀರ್ಣವಾಗಿದ್ದರೂ ಚಿಂತೆಯಿಲ್ಲ, ನೆನಪಿನಿಂದಲೇ ಬರೆದು ಕೊಡಬೇಕು. ಅದಾಗದಿದ್ದರೆ ತಮ್ಮಲ್ಲಿ ಹಿರಿಯರೊಬ್ಬರು ಭಾನುವಾರ ನಮ್ಮ ಚಿಕ್ಕಪ್ಪನ ಮನೆಗೆ ದಯಮಾಡಿಸಿ, ಹಿರಿ ಮೊಮ್ಮಗು ಎಂಬುದು ರುಚಿಯಾಗಿತ್ತೋ ಮೊಮ್ಮಗ ಎಂಬುದೋ, ಪ್ರಮಾಣ ಮಾಡಿ ಹೇಳಬೇಕು. ಕುರ್ಚಿ ಮರದ್ದೇ ಇದೆ, ಉಪಚಾರಕ್ಕೆ ಕೊರತೆಯಾಗದು. ಇನ್ನು ಮುಂದೆ ಹಸಿವಾದರೆ ವಂಶಚರಿತ್ರೆಗೆ ಬಾಯಿ ಹಾಕದೆ ನನ್ನ ಗಣಿತದ ಅಂಕಪಟ್ಟಿಯನ್ನು ತಿನ್ನಬೇಕು. ಅದು ಅಮ್ಮನ ಪೆಟ್ಟಿಗೆಯಲ್ಲಿ ಇಂದಿಗೂ ಹೊಚ್ಚಹೊಸದಾಗಿ ಉಳಿದಿರುವುದೇ ತಮ್ಮ ಆಡಳಿತದ ಅತಿ ದೊಡ್ಡ ಲೋಪ.

ಅಕ್ಕ ತಮ್ಮಂದಿರ ವ್ಯಾಜ್ಯ ಹೀಗೆ ತಮ್ಮ ಹೊಟ್ಟೆಯೊಳಗೇ ಉಳಿದು, ತೀರ್ಪಿಲ್ಲದೆ ಮುಂದಿನ ಭಾನುವಾರಕ್ಕೆ, ಅಲ್ಲಿಂದ ಅದರ ಮುಂದಿನ ಭಾನುವಾರಕ್ಕೆ ಹೋಗುತ್ತಲೇ ಇರುವಂತಾಗಿದೆ. ಇದಕ್ಕೆ ತಾವೇ ಹೊಣೆ, ತಾವೊಬ್ಬರೇ ಹೊಣೆ, ಬೇರೆ ಯಾರೂ ಅಲ್ಲ ಎಂದು ಸಾರಿ ಹೇಳುತ್ತ,

ತಮ್ಮ ಹಲ್ಲಿಗೆ ಇನ್ನೂ ಸಿಗದ ವಿಶ್ವಾಸಿ,
ಟಿಕ್‌ಟಿಕ್ ಅಜ್ಜನ ಮರಿಮಗ

ವಿ.ಸೂ.: ಅತ್ತೆಗೂ ಚಿಕ್ಕಪ್ಪನಿಗೂ ಪತ್ರಿಕೆ ಓದಿ ಹೇಳುವವನು ನಾನೇ, ಈ ಪತ್ರದ ಸಹಿ ಬಂದ ಕೂಡಲೇ ಮಡಚಿಡುತ್ತೇನೆ, ಇಲ್ಲಿಂದಾಚೆಯದು ಅವರ ಕಿವಿಗೆ ಬೀಳದು. ಹಾಗಾಗಿ ಮಹಾಜನರೇ, ಈಗ ಕೆಮ್ಮಬಹುದು. ಗೆದ್ದಲು ಮಹಾಶಯರೇ, ತಮ್ಮ ಮೇಲಿನ ಆಪಾದನೆ ಶುದ್ಧ ಸುಳ್ಳು. ಸುತ್ತಲಿನದೆಲ್ಲ ತಿಂದು ಆ ಒಂದು ಪುಟವನ್ನು ತಾವು ಮುಟ್ಟಿಯೇ ಇಲ್ಲ, ನಾನು ಪೂರ್ತಿ ಓದಿದೆ. ಮುತ್ತಜ್ಜ ದುಂಡಗಿನ ಅಕ್ಷರದಲ್ಲಿ ಬರೆಸಿದ್ದಾನೆ: "ಗೋಡೆ ಗಡಿಯಾರ ನಮ್ಮದಲ್ಲ. ಎದುರಿನ ಬೇಕರಿಯವರು ರಿಪೇರಿಗೆ ಕೊಟ್ಟದ್ದು. ನನ್ನಿಂದ ಆಗಲಿಲ್ಲ. ಬಂದು ಕೇಳಿದರೆ ಕೊಟ್ಟುಬಿಡುವುದು." ಇದು ತಿಳಿದರೆ ಅತ್ತೆಗೆ ಭಾನುವಾರ ಬರಲು ನೆಪವಿಲ್ಲ, ಚಿಕ್ಕಪ್ಪನಿಗೆ ಎರಡನೆಯ ಲೋಟಕ್ಕೆ ಜೊತೆಯಿಲ್ಲ. ಅತ್ತೆ ಖುದ್ದಾಗಿ ಒಮ್ಮೆ ದಾಖಲೆ ಕೋಣೆಗೆ ಬಂದು ನೋಡುತ್ತಾರಂತೆ. ದಯವಿಟ್ಟು ಅಷ್ಟರೊಳಗೆ ಅದನ್ನೂ ತಿಂದುಬಿಡಿ.