ತಮ್ಮ, ಕರೆಂಟಿನವನು, ಮತ್ತೆ ತಮ್ಮ

ಇಪ್ಪತ್ತು ವರ್ಷದಿಂದ ದೊಡ್ಡಬಳ್ಳಾಪುರದ ಸುತ್ತಮುತ್ತ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದೇನೆ. ಅಗ್ರಿಮೆಂಟು ಯಾವತ್ತೂ ಬರೆಸಿಕೊಂಡವನಲ್ಲ. ಹಾಗಾಗಿ ಬಾಕಿಯ ರಗಳೆಗಳು ನಡೆಯುತ್ತಲೇ ಇರುತ್ತವೆ.

ಈಚಿನದು ದೇವನಹಳ್ಳಿ ಕಡೆ ಮನೆ ಕಟ್ಟಿಸಿದ ಒಬ್ಬ ಯಜಮಾನರದು. ಬಾಯಿಮಾತಿನಲ್ಲಿ ಲಕ್ಷಕ್ಕೆ ಒಪ್ಪಿ, ಅರವತ್ತು ಸಾವಿರ ಕೊಟ್ಟು ನಿಂತರು. ಜೊತೆಗಾರರ ಕೂಲಿ ಕೊಡಲು ನಾನು ಹೆಂಡತಿಯ ಚಿನ್ನದ ಬಳೆ ಅಡವಿಟ್ಟೆ. ಊಟಕ್ಕೆ ಬಡಿಸುವಾಗ ಅವಳು ಬೇಕೆಂದೇ ಗಾಜಿನ ಬಳೆಗಳ ಸದ್ದು ಮಾಡತೊಡಗಿದಳು.

ಆಸ್ತಿ

ಬಾಕಿ ಕೇಳಿದಾಗಲೆಲ್ಲ ಯಜಮಾನರು ಕಾಫಿ ಕೊಡುತ್ತಿದ್ದರು. “ಏನಪ್ಪಾ, ನೀನು ನನ್ನ ಒಡಹುಟ್ಟಿದ ತಮ್ಮ ಇದ್ದಂಗೆ. ಅಣ್ತಮ್ಮಂದಿರ ಮಧ್ಯೆ ದುಡ್ಡಿನ ಮಾತ್ಯಾಕೆ?”

ಒಂದು ದಿನ ಹೇಳಿದೆ: “ಹಂಗಾದ್ರೆ ಬಾಕಿ ಬೇಡ ಬಿಡಣ್ಣ. ಏರ್‌ಪೋರ್ಟ್ ರಸ್ತೇಲಿರೋ ನಿನ್ನ ಜಮೀನಲ್ಲಿ ನನ್ನ ಭಾಗ ಕೊಟ್ಬಿಡು.”

ಅವತ್ತಿನಿಂದ ನಾನು ‘ಕರೆಂಟಿನವನು’ ಆದೆ. ಕಾಫಿಯೂ ನಿಂತಿತು.

ಕಾನೂನು

ಪರಿಚಯದ ವಕೀಲರ ಬಳಿ ಹೋದೆ. “ಬರವಣಿಗೆ ಇಲ್ದೆ ಕೆಲಸ ಮಾಡ್ತಾರೇನ್ರೀ? ಓದ್ಕೊಂಡೋರು ನೀವು!” ಎಂದು ಚೆನ್ನಾಗಿ ಬೈದರು. ಬೈದು ಬೆವರಿ, ತಲೆ ಮೇಲೆ ನಿಂತಿದ್ದ ಫ್ಯಾನು ತೋರಿಸಿದರು. “ಹಂಗೇ ಇದನ್ನೊಂಚೂರು ನೋಡ್ಬಿಡಿ.”

ಹೊಸ ಕೆಪಾಸಿಟರ್ ಹಾಕಿದೆ. ಫ್ಯಾನು ತಿರುಗಿತು. “ದುಡ್ಡು ಆಮೇಲೆ ಕೊಡ್ತೀನಿ” ಎಂದರು.

ನನಗೆ ಬಾಕಿ ಕೊಡಬೇಕಾದವರು ಈಗ ಇಬ್ಬರು.

ಮುಯ್ಯಿ

ಗೃಹಪ್ರವೇಶದ ದಿನ ಮನೆಗೆ ದುಡಿದವರಿಗೆಲ್ಲ ಎಲೆ ಅಡಿಕೆ, ಷರ್ಟ್ ಪೀಸು ಕೊಟ್ಟು ಮರ್ಯಾದೆ ಮಾಡುವುದು ನಮ್ಮ ಕಡೆಯ ಪದ್ಧತಿ. ನನ್ನನ್ನೂ ಕರೆದರು. ಹೆಂಡತಿ ಐನೂರೊಂದು ರೂಪಾಯಿ ಕವರಿಗೆ ಹಾಕಿ ನಮ್ಮ ಹೆಸರು ಬರೆದಳು.

“ಕೊಡಬೇಕಾದೋರು ಅವ್ರು ಕಣೇ!”

“ಬಾಕಿ ಬೇರೆ, ಮುಯ್ಯಿ ಬೇರೆ. ಬರಿಗೈಲಿ ಹೋಗ್ತಾರೇನ್ರೀ?”

ಯಾವತ್ತಿನಂತೆ ಟೂಲ್ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಹೋಗಿ ಕವರು ಕೊಟ್ಟೆ. ಯಜಮಾನರು ನನ್ನ ಕೈಗೆ ಷರ್ಟ್ ಪೀಸು ಇಟ್ಟು, ಮಗಳ ಮಾವನ ಕಡೆ ತಿರುಗಿ ಜೋರಾಗಿ ಹೇಳಿದರು: “ಬೀಗ್ರೇ, ವೈರಿಂಗ್ ಮಾಡಿದ್ದು ಇವ್ನೇ. ಎರಡು ಲಕ್ಷ! ಕೆಲಸ ಮುಗಿದ ದಿನವೇ ಎಣಿಸಿ ಕೊಟ್ಬಿಟ್ಟೆ.”

ಬೀಗರು ನೆಲಮಂಗಲದಲ್ಲಿ ಮನೆ ಕಟ್ಟಿಸುತ್ತಿದ್ದರು. ನನ್ನನ್ನೇ ಕೇಳಿದರು: “ಹೌದೇನ್ರೀ? ಅವತ್ತೇ ಪೂರ್ತಿ ಕೊಟ್ರಾ?”

ನಾನು ಯಜಮಾನರ ಮುಖ ನೋಡಿದೆ. ಬೀಗರೂ ನೋಡಿದರು. ನೆಂಟರೂ ನೋಡಿದರು.

“ಮೀಟರ್ ಬೋರ್ಡಲ್ಲಿ ಏನೋ ಸದ್ದು, ಬಾರೋ ತಮ್ಮ” ಎಂದು ಯಜಮಾನರು ನನ್ನನ್ನು ಒಳಕೋಣೆಗೆ ಎಳೆದುಕೊಂಡು ಹೋದರು. ಅವರ ಕೈಯಲ್ಲಿ ನಗದಿರಲಿಲ್ಲ. ಮುಯ್ಯಿಯ ಚೀಲ ಸುರಿದು, ಕವರಿನ ಬಾಯಿ ಬಿಚ್ಚಿ ಬಿಚ್ಚಿ ಎಣಿಸಿ, ನಲವತ್ತು ಸಾವಿರವನ್ನು ಕವರುಗಳ ಸಮೇತ ನನ್ನ ಟೂಲ್ ಬ್ಯಾಗಿಗೆ ತುಂಬಿದರು.

ಹೊರಗೆ ಬಂದು ಬೀಗರಿಗೆ ಹೇಳಿದೆ: “ಒಂದು ಪೈಸಾನೂ ಬಾಕಿ ಇಲ್ಲ.” ಅಷ್ಟು ಹೊತ್ತಿಗೆ ಅದು ನಿಜವಾಗಿತ್ತು.

ಮನೆಗೆ ಬಂದು ಬ್ಯಾಗು ಹೆಂಡತಿಯ ಮುಂದೆ ಸುರಿದೆ. “ಎಣಿಸ್ಕೋ. ನಾಳೆ ಬಳೆ ಬಿಡಿಸ್ಕೊಂಡು ಬರ್ತೀನಿ.”

ಎಣಿಸುತ್ತ ಎಣಿಸುತ್ತ ಅವಳು ಒಂದು ಕವರು ಎತ್ತಿ ಹಿಡಿದಳು. ಅದರ ಮೇಲೆ ಅವಳದೇ ಅಕ್ಷರ.

“ರೀ, ಇನ್ನೂ ಐನೂರೊಂದು ಬರ್ಬೇಕು. ನಾಳೆ ಹೋಗಿ ಕೇಳಿ.”