ದೊಡ್ಡಪ್ಪನ ಲೆಕ್ಕದಲ್ಲಿ ಯಾರಿಗೂ ಪೆಟ್ಟಾಗುವಂತಿಲ್ಲ

ಚೆನ್ನೈನಲ್ಲಿ ಫಿಸಿಕ್ಸ್ ಪಾಠ ಹೇಳುವವರು ಬೀದಿಗೆ ಹತ್ತು ಜನ ಸಿಕ್ಕಾರು. ಆದರೆ ಲೆಕ್ಕದೊಳಗಿನ ಮನುಷ್ಯನ ಯೋಗಕ್ಷೇಮ ವಿಚಾರಿಸದೆ ಉತ್ತರಕ್ಕೆ ಕೈಹಾಕದ ಮೇಷ್ಟ್ರು ಒಬ್ಬರೇ, ನಮ್ಮ ದೊಡ್ಡಪ್ಪ. ಅವರಿಗೆ ಶಿಷ್ಯೆಯೂ ಒಬ್ಬಳೇ, ನಾನು. ಎರಡನೆಯವಳು ಸಿಗಲಿಲ್ಲವಲ್ಲ ಎಂದು ಅವರಿಗೆ ಕೊರಗು. ಮೊದಲನೆಯವಳು ನಾನಾದೆನಲ್ಲ ಎಂದು ನನಗೆ!

ಇಂಜಿನಿಯರಿಂಗ್ ಮೊದಲ ವರ್ಷದ ಮೊದಲ ಟೆಸ್ಟಿನಲ್ಲೇ ನಾನು ಫಿಸಿಕ್ಸಿನಲ್ಲಿ ಮುಗ್ಗರಿಸಿದ್ದು ಇದಕ್ಕೆಲ್ಲ ಮೂಲ. ವೇಲಚೇರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾವು ನಾಲ್ಕನೇ ಮಹಡಿ, ಅಪ್ಪನ ಅಣ್ಣನಾದ ದೊಡ್ಡಪ್ಪ ಎರಡನೇ ಮಹಡಿ. ಅವರು ಲೋಕಲ್ ಟ್ರೇನ್ ಓಡಿಸಿ ನಿವೃತ್ತರಾದವರು. ಆ ಕೆಲಸಕ್ಕೆ ಸೇರುವ ಮುಂಚೆ ಬಿ.ಎಸ್ಸಿ. ಮಾಡಿದವರು. "ಮನೇಲೇ ಗಂಗೆ ಇಟ್ಕೊಂಡು ಟ್ಯೂಷನ್ ಯಾಕೆ?" ಎಂದು ಅಪ್ಪ ನನ್ನನ್ನು ಕೆಳಗಿಳಿಸಿದರು. ಗಂಗೆಯೇನೋ ನಿಜ, ಮುಳುಗಿದವಳು ನಾನು.

ಮೊದಲ ದಿನದ ಲೆಕ್ಕ ಬಲು ಸುಲಭದ್ದು. ಕಟ್ಟಡದ ಮೇಲಿಂದ ಒಬ್ಬ ಕಲ್ಲು ಬೀಳಿಸುತ್ತಾನೆ, ನೆಲ ಮುಟ್ಟಲು ಎಷ್ಟು ಹೊತ್ತು? ನಾನು ಸೂತ್ರ ಬರೆಯಲು ಹೊರಟೆ. ದೊಡ್ಡಪ್ಪ ಪೆನ್ನು ಹಿಡಿದುಕೊಂಡರು.

"ಕೆಳಗೆ ಯಾರಿದಾರೆ?"

"ಯಾರೂ ಇಲ್ಲ ದೊಡ್ಡಪ್ಪ."

"ನೀನು ನೋಡಿದ್ಯಾ?"

ಕೊನೆಗೆ ಉತ್ತರದ ನೆತ್ತಿಯ ಮೇಲೆ "ಕೆಳಗೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳಲಾಗಿದೆ" ಎಂದು ಇಂಗ್ಲಿಷಿನಲ್ಲಿ ಬರೆಸಿಯೇ ಮುಂದೆ ಬಿಟ್ಟರು. ಅಸೈನ್‌ಮೆಂಟು ತಿದ್ದಿದ ಮೇಡಂ ಆ ಸಾಲಿನ ಸುತ್ತ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಬೆರಳುದ್ದದ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದರು.

ಆಮೇಲೆ ಏಣಿಯ ಲೆಕ್ಕ ಬಂತು. ನುಣ್ಣನೆಯ ಗೋಡೆಗೆ ಒರಗಿಸಿದ ಏಣಿ, ಅದರ ಮೇಲೊಬ್ಬ ಮನುಷ್ಯ. ದೊಡ್ಡಪ್ಪ ಚಿತ್ರ ಬರೆದರು. ಬರೆದು, ಕೆಳಗೆ ಏಣಿ ಹಿಡಿದುಕೊಳ್ಳಲು ಇನ್ನೊಬ್ಬನನ್ನು ನಿಲ್ಲಿಸಿದರು. ಅವನಿಗೆ ಲುಂಗಿ ಬೇರೆ!

"ಅಯ್ಯೋ, ಇವನು ಪುಸ್ತಕದಲ್ಲೇ ಇಲ್ಲ! ಇವನ ವೆಯ್ಟ್ ಎಷ್ಟು ಅಂತ ಹಾಕ್ಲಿ?"

"ಅವನ ವೆಯ್ಟ್ ನಿನಗ್ಯಾಕೆ ಮರಿ? ಅವನೇನು ಏಣಿ ಹತ್ತಲ್ಲವಲ್ಲ."

ಇದನ್ನೂ ಸಹಿಸಬಹುದಿತ್ತು. ಲಿಫ್ಟಿನ ಲೆಕ್ಕವನ್ನು ಹೇಗೆ ಸಹಿಸಲಿ? ಲಿಫ್ಟಿನ ಹಗ್ಗ ತುಂಡಾದರೆ ಒಳಗಿದ್ದವನ ತೂಕ ಎಷ್ಟು ತೋರುತ್ತದೆ ಎಂಬ ಪ್ರಶ್ನೆ. ಸೊನ್ನೆ ಎಂದು ಇಡೀ ಲೋಕಕ್ಕೇ ಗೊತ್ತು. ದೊಡ್ಡಪ್ಪ ಪುಸ್ತಕ ಮುಚ್ಚಿದರು, ಚಪ್ಪಲಿ ಮೆಟ್ಟಿದರು, ನೇರ ನಮ್ಮ ಅಸೋಸಿಯೇಷನ್ ಸೆಕ್ರೆಟರಿ ಮನೆಗೆ ಹೋದರು. ನಮ್ಮ ಲಿಫ್ಟಿನ ಹಗ್ಗ ನೋಡಿಸಿ ಎಷ್ಟು ಕಾಲವಾಯಿತೆಂದು ಅಲ್ಲಿ ವಿಚಾರಣೆ! ಮರುದಿನ ಮೆಕ್ಯಾನಿಕ್ ಬಂದು ಲಿಫ್ಟು ಬಿಚ್ಚಿಹಾಕಿದ. ಯಾವುದೋ ಭಾಗ ಸಿಗಲಿಲ್ಲವೆಂದು ಅದು ವಾರವೆಲ್ಲ ಬಾಯಿ ತೆರೆದುಕೊಂಡೇ ಇತ್ತು. ಮೂಟೆಯಂಥ ಬ್ಯಾಗು ಹೊತ್ತು ನಾಲ್ಕು ಮಹಡಿ ಹತ್ತಿದ ನನ್ನ ತೂಕ ಮಾತ್ರ ಸೊನ್ನೆಯಾಗಿರಲಿಲ್ಲ, ಸ್ವಾಮಿ!

ನನ್ನ ತಾಳ್ಮೆಯ ಹಗ್ಗ ತುಂಡಾದದ್ದು ಬ್ರೇಕಿನ ಲೆಕ್ಕದಲ್ಲಿ. ಕಾರು ಬರುತ್ತಿದೆ, ರಸ್ತೆಯಲ್ಲಿ ಒಬ್ಬ ನಿಂತಿದ್ದಾನೆ, ಡ್ರೈವರ್ ಬ್ರೇಕ್ ಒತ್ತುತ್ತಾನೆ. ಕಾರು ಅವನನ್ನು ಮುಟ್ಟುವ ಮುಂಚೆ ನಿಲ್ಲುತ್ತದೆಯೇ? ಲೆಕ್ಕ ಮಾಡಿದೆ. ನಿಲ್ಲುವುದಿಲ್ಲ.

"ತಪ್ಪು. ಇನ್ನೊಂದ್ಸಲ ಮಾಡು."

ಮಾಡಿದೆ. ಆಗಲೂ ನಿಲ್ಲಲಿಲ್ಲ.

"ರೋಡ್ ಒಣಗಿದ್ಯಾ? ಟೈರ್ ಹೊಸದಾ? ಫ್ರಿಕ್ಷನ್ ಸ್ವಲ್ಪ ಜಾಸ್ತಿ ಹಾಕು."

"ಏನು ದೊಡ್ಡಪ್ಪ ಇದು! ಫ್ರಿಕ್ಷನ್ ಎಷ್ಟು ಅಂತ ಅವರೇ ಕೊಟ್ಟಿದಾರೆ. ಹಿಂದುಗಡೆ ಉತ್ತರಾನೂ ಇದೆ, ನೋಡಿ!"

"ಪುಸ್ತಕ ಬರೆದೋನು ಬ್ರೇಕ್ ಹಾಕಿದಾನಾ?"

"ನಿಮಗೆ ಬೇಕಾಗಿರೋದು ಉತ್ತರ ಅಲ್ಲ, ಸುಳ್ಳು! ಪೋದುಂ, ಸಾಕು ನನಗೆ!" ಎಂದು ಪೆನ್ನು ಎಸೆದೆ.

ರೇಗುತ್ತಾರೆಂದುಕೊಂಡೆ. ರೇಗಲಿಲ್ಲ. ಎದ್ದು ಬಾಲ್ಕನಿಗೆ ಹೋಗಿ, ಒಣಗಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಿಸತೊಡಗಿದರು.

ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದರು. ಹುರುಳಿಕಾಯಿ ಮುರಿಯುತ್ತಲೇ ಮಾತಾಡಿದರು.

"ನೀನಾಗ ಕೈಗೂಸು. ಬೆಳಗಿನ ಡ್ಯೂಟಿ ಇವರದು. ವಯಸ್ಸಾದೋರೊಬ್ಬರು ಹಳಿ ದಾಟ್ತಿದ್ರಂತೆ, ಕೈಲಿ ಹಾಲಿನ ಪಾಕೆಟ್ಟು. ಇವರು ದೂರದಿಂದಲೇ ಹಾರ್ನ್ ಹೊಡೆದ್ರು, ಬ್ರೇಕ್ ಹಾಕಿದ್ರು. ಆದ್ರೆ ಟ್ರೇನು, ನಿಲ್ಬೇಕಲ್ಲ?"

"ಆಮೇಲೆ?"

"ಆಮೇಲೇನು, ವಿಚಾರಣೆ ಆಯ್ತು. ಬ್ರೇಕೂ ಸರಿಯಾಗಿತ್ತು, ಇವರದ್ದೂ ತಪ್ಪಿಲ್ಲ ಅಂದ್ರು. ಊರೆಲ್ಲ ಒಪ್ಕೊಂಡ್ತು, ಇವರೊಬ್ಬರು ಬಿಟ್ಟು."

ನಾನು ಬಾಲ್ಕನಿಗೆ ಹೋಗಿ ಒಂದು ಟವೆಲ್ ಮಡಿಸಿದೆ. "ಅಂಚು ಕೂಡಿಸಿ ಮಡಿಸು, ಮರಿ," ಎಂದರು. ಅಷ್ಟೇ. ಮರುದಿನ ಪಾಠ ಎಂದಿನಂತೆ ನಡೆಯಿತು, ನನ್ನ ಸಿಡಿಮಿಡಿಯೂ ಎಂದಿನಂತೆ.

ಸೆಮಿಸ್ಟರ್ ಪರೀಕ್ಷೆಯ ದಿನ ದೊಡ್ಡಪ್ಪ ಬೇಡವೆಂದರೂ ಕೇಳದೆ ಕಾಲೇಜಿನವರೆಗೆ ಜೊತೆಗೆ ಬಂದರು. ನಾನು ಒಳಗೆ, ಅವರು ಗೇಟಿನಾಚೆ ಹೊಂಗೆ ಮರದ ಕೆಳಗೆ. ಪ್ರಶ್ನೆಪತ್ರಿಕೆ ತಿರುಗಿಸಿದೆ, ನನ್ನ ಹಣೆಬರಹ ನೋಡಿ, ಅಲ್ಲೂ ಬ್ರೇಕು! ಲಾರಿ, ಎದುರಿಗೊಬ್ಬ ಸೈಕಲ್ಲಿನವನು. ಎರಡು ಸಲ ಮಾಡಿ ನೋಡಿದೆ. ಮೂರು ಮೀಟರ್ ಕಮ್ಮಿ ಬೀಳುತ್ತದೆ. ಲಾರಿ ನಿಲ್ಲುವುದಿಲ್ಲ. ಹಾಗೆಂದೇ ಬರೆದು, ಉತ್ತರದ ಕೆಳಗೆ ಗೆರೆ ಎಳೆದು ಬಂದೆ.

ಹೊರಗೆ ಬಂದವಳ ಬ್ಯಾಗನ್ನು ದೊಡ್ಡಪ್ಪ ತಾವೇ ಇಸಿದುಕೊಂಡರು.

"ಬ್ರೇಕಿನ ಲೆಕ್ಕ ಬಂದಿತ್ತಾ?"

"ಬಂದಿತ್ತು."

ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡರು. "ನಿಲ್ತಾ?"

"ನಿಲ್ತು ದೊಡ್ಡಪ್ಪ."

"ಎಷ್ಟು ಉಳೀತು?"

"ಮೂರು ಮೀಟರ್."

"ಮೂರು ಮೀಟರ್..." ಎಂದು ಉಸಿರು ಬಿಟ್ಟರು. "ಧಾರಾಳ ಆಯ್ತು."

ಲಾರಿಯ ವೇಗ ಎಷ್ಟಿತ್ತು, ಫ್ರಿಕ್ಷನ್ ಎಷ್ಟು ಕೊಟ್ಟಿದ್ದರು ಎಂದು ಕೇಳಿದ್ದರೆ, ಆ ಲೆಕ್ಕವನ್ನು ನಡೆಯುತ್ತಲೇ ಬಾಯಲ್ಲಿ ಮಾಡಿಬಿಡುತ್ತಿದ್ದರು. ದೊಡ್ಡಪ್ಪ ಕೇಳಲಿಲ್ಲ. ರಸ್ತೆ ದಾಟುವಾಗ ನನ್ನ ಕೈ ಹಿಡಿದುಕೊಂಡರು. ದಾಟಿದ ಮೇಲೂ ಬಿಡಲಿಲ್ಲ.