ಮಾಚಯ್ಯನ ವರ್ಷವೋ, ಬೋಪಯ್ಯನ ವರ್ಷವೋ

ಕೆಲವರಿಗೆ ಹುಟ್ಟಿನಿಂದ ಉಬ್ಬಸ ಇರುತ್ತದೆ, ಕೆಲವರಿಗೆ ತಲೆನೋವು. ನನಗಿರುವುದು ವಾದ. ಯಾರಾದರೂ ಪಾಪ, ‘ಇವತ್ತು ಸೆಕೆ’ ಎಂದರೆ ಸಾಕು, ಹೋದ ವರ್ಷ ಇದಕ್ಕಿಂತ ಹೆಚ್ಚು ಸೆಕೆ ಇತ್ತು ಎನ್ನದೆ ನನಗೆ ಉಂಡ ಅನ್ನ ಅರಗುವುದಿಲ್ಲ. ಇದರಿಂದ ಏನಾದರೂ ಸುಖವಿದೆಯೇ ಎಂದು ಕೇಳಬೇಡಿ. ಇಲ್ಲ. ವಾದ ಮಾಡಿ ಮನೆಗೆ ಬಂದ ಸಂಜೆಗಳಲ್ಲಿ ಮನಸ್ಸು ಮಂಕಾಗಿರುತ್ತದೆ, ಕಾಫಿ ಕಹಿಯಾಗಿರುತ್ತದೆ, ಹೆಂಡತಿ ಮುಖ ನೋಡಿದವಳೇ ‘ಇವತ್ತು ಯಾರ ಹತ್ರ?’ ಎಂದು ಕೇಳಿ ಒಳಗೆ ಹೋಗುತ್ತಾಳೆ. ಆದರೂ ಮಾರನೆಯ ದಿನ ಬಾಯಿ ಸುಮ್ಮನಿರುವುದಿಲ್ಲ.

ಆಗ ಕೊಡಗು ಇನ್ನೂ ಬೇರೆ ರಾಜ್ಯ. ನಮ್ಮದೇ ವಿಧಾನಸಭೆ, ನಮ್ಮದೇ ಮಂತ್ರಿಗಳು. ಮೈಸೂರಿಗೆ ಸೇರಬೇಕೋ ಬೇಡವೋ ಎಂದು ದೊಡ್ಡವರು ಮಡಿಕೇರಿಯಲ್ಲಿ ಚರ್ಚಿಸುತ್ತಿದ್ದರು. ಸುಂಟಿಕೊಪ್ಪದ ಹತ್ತಿರದ ನಮ್ಮ ಎಸ್ಟೇಟ್ ಆಫೀಸಿನಲ್ಲಿ ನಾವು ಚರ್ಚಿಸುತ್ತಿದ್ದದ್ದು ಅದಕ್ಕಿಂತ ತೂಕದ ವಿಷಯ. ಹಾಕಿಯಲ್ಲಿ ಒಬ್ಬ ಆಟಗಾರ ಒಂದು ಸೀಸನ್ನಿನಲ್ಲಿ ಆಡಿದ ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ವರ್ಷ ಯಾರದು? ಪಾಲಿಬೆಟ್ಟದ ಎಸ್ಟೇಟಿನ ಮಾಚಯ್ಯನದೋ, ನಮ್ಮ ಬೋಪಯ್ಯನದೋ?

ನಮ್ಮ ಕಡೆ ಹಾಕಿ ಸೀಸನ್ ಎಂದರೆ ಸೆಪ್ಟೆಂಬರಿನ ಕೈಲುಮುಹೂರ್ತದ ಹಬ್ಬ ಕಳೆದ ಮೇಲೆ ಶುರುವಾಗಿ, ಕಾಫಿ ಹಣ್ಣಾಗಿ ಪಿಕ್ಕಿಂಗ್ ಹಿಡಿಯುವಾಗ ಮುಗಿಯುವಂಥದ್ದು. ಅಷ್ಟು ದಿನಕ್ಕಾಗಿ ಎಸ್ಟೇಟುಗಳು ಒಳ್ಳೆಯ ಆಟಗಾರರನ್ನು ವರ್ಷವಿಡೀ ಸಾಕುತ್ತಿದ್ದವು. ಹೆಸರಿಗೆ ಅವರು ರೈಟರು, ಅಂದರೆ ಗುಮಾಸ್ತರು. ಬೋಪಯ್ಯ ಹಾಗೆ ನಮ್ಮ ಆಫೀಸಿಗೆ ಬಂದವನು. ಹಾಜರಿ ಬರೆಯಲು ಅವನಿಗೆ ಒಂದು ಮೇಜು ಕೊಟ್ಟಿದ್ದರು. ಅವನು ಅದರ ಮೇಲೆ ಹಾಕಿ ಕೋಲನ್ನಿಟ್ಟು ಎಣ್ಣೆ ಸವರುತ್ತಿದ್ದ. ಕೂಲಿ ಲೈನಿನ ಆಳುಗಳ ಹಾಜರಿಯನ್ನು ಅವನ ಬದಲು ನಾನೇ ಬರೆಯುತ್ತಿದ್ದೆ. ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ಗದ್ದೆ ಮಾಡಿದ ಗೌಡರ ಮನೆತನ. ಹಾಕಿ ಕೋಲನ್ನು ನಾನು ಜೀವನದಲ್ಲಿ ಒಮ್ಮೆ ಹಿಡಿದಿದ್ದೆ, ಅದು ಬಂದು ಬಡಿದದ್ದು ನನ್ನ ಮೊಣಕಾಲಿಗೇ. ಹಾಗಾಗಿ ಆಟದ ಬಗ್ಗೆ ಮಾತಾಡಲು ನನಗೆ ಬೇಕಾದಷ್ಟು ಪುರುಸೊತ್ತು ಇತ್ತು.

ಬೋಪಯ್ಯ ಒಂದು ವರ್ಷ ಆಡಿದ ಒಂದೊಂದು ಮ್ಯಾಚಿನಲ್ಲೂ ಗೋಲು ಹೊಡೆದಿದ್ದ. ಕೊನೆಯ ಮ್ಯಾಚಿನಲ್ಲಿ ಹೆಬ್ಬೆರಳಿನ ಉಗುರು ಕಿತ್ತುಬಂದಿದ್ದರೂ ಬರಿಗಾಲಲ್ಲಿ ಓಡಿದ. ಆಫೀಸಿನವರೆಲ್ಲ ಅವನ ಕಡೆ. ಎಲ್ಲರೂ ಒಂದೇ ಕಡೆ ಇದ್ದರೆ ವಾದ ಹೇಗೆ ನಡೆಯಬೇಕು? ಪಾಲಿಬೆಟ್ಟದ ಮಾಚಯ್ಯನ ಪಕ್ಷ ಹಿಡಿಯಲು ಒಬ್ಬ ಬೇಕಿತ್ತು, ನಾನು ಹಿಡಿದೆ. ಮಾಚಯ್ಯ ಹಿಂದೆ ನಿಂತು ತಡೆಯುವ ಆಟಗಾರ. ಅವನದೂ ಒಂದು ವರ್ಷ ಇತ್ತು. ಆ ವರ್ಷ ಅವನನ್ನು ದಾಟಿ ಚೆಂಡು ಹೋಗಲಿಲ್ಲ. “ಹೊಡೆದ ಗೋಲನ್ನು ಎಲ್ಲರೂ ನೋಡ್ತಾರೆ ಸ್ವಾಮಿ, ಆಗದೇ ಹೋದ ಗೋಲನ್ನು ನೋಡೋರು ಯಾರು?” ಎಂದು ನಾನು ಮೇಜು ಕುಟ್ಟುತ್ತಿದ್ದೆ. ಸ್ಟೋರ್ ನೋಡಿಕೊಳ್ಳುತ್ತಿದ್ದ ನಂಬಿಯಾರ್ ತಮ್ಮ ಮಲಯಾಳಂ ಬೆರೆಸಿ, “ಎಂದಾ ಗೌಡ್ರೇ, ಗೋಲಿಲ್ಲದೆ ಆಟ ಉಂಟಾ?” ಎಂದು ಕೂಗುತ್ತಿದ್ದರು. ಇದೆಲ್ಲ ಬೋಪಯ್ಯನ ಎದುರಿಗೇ. ಅವನು ಮಾತ್ರ ಒಂದು ದಿನವೂ ಬಾಯಿ ಬಿಡಲಿಲ್ಲ. ಕೋಲಿಗೆ ಎಣ್ಣೆ ಸವರುತ್ತಾ ಕೇಳುತ್ತಿದ್ದ. ವರ್ಷಗಟ್ಟಲೆ ಕೇಳಿದ.

ಆಮೇಲೆ ಅವನ ಮಂಡಿ ಹೋಯಿತು. ಅದೇ ಹೊತ್ತಿಗೆ ನಮ್ಮ ಕಂಪನಿ ಪಾಲಿಬೆಟ್ಟದ ಆ ಎಸ್ಟೇಟನ್ನೂ ಕೊಂಡುಕೊಂಡಿತು. ಮಾರ್ಚ್ ತಿಂಗಳು, ಕಾಫಿ ಅರಳಿಸುವ ಹೂಮಳೆ ಬಂದಿರಲಿಲ್ಲ, ಮೊಗ್ಗುಗಳೆಲ್ಲ ಗಿಡದಲ್ಲೇ ಕರಕಾಗುತ್ತಿದ್ದವು, ಎಸ್ಟೇಟಿನಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಹೊಸದಾಗಿ ಬಂದಿದ್ದ ಮ್ಯಾನೇಜರ್ ದೊರೆ ಖರ್ಚು ಇಳಿಸಬೇಕೆಂದ. ಇನ್ನು ಎರಡು ಎಸ್ಟೇಟಿಗೆ ಒಂದೇ ಟೀಮು. ಹುಡುಗರನ್ನು ತಯಾರು ಮಾಡಲು ಹಳೆಯ ಆಟಗಾರ ಒಬ್ಬ ಸಾಕು. ಬೋಪಯ್ಯ, ಮಾಚಯ್ಯ ಇಬ್ಬರಲ್ಲಿ ಒಬ್ಬ ಉಳಿಯಬೇಕು, ಇನ್ನೊಬ್ಬ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಯಾರು ದೊಡ್ಡವನೆಂದು ಕೊಡಗಿನಲ್ಲಿ ಎಲ್ಲರೂ ಜಗಳಾಡುತ್ತಾರಂತೆ, ಸೋಮವಾರ ಆ ಜಗಳ ನನ್ನೆದುರು ನಡೆಯಲಿ, ಕೇಳಿ ತೀರ್ಮಾನ ಮಾಡುತ್ತೇನೆ ಎಂದ.

ಭಾನುವಾರ ಬೋಪಯ್ಯನ ಹೆಂಡತಿ ಮುತ್ತವ್ವ ನಮ್ಮ ಮನೆಗೆ ಬಂದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನ ಹೆಂಡತಿಗೆ ಹೇಳಿದಳು: “ಅಕ್ಕ, ಇವರ ಪಾಲಿಗೆ ಊರಲ್ಲಿ ಇರೋದು ಅಂಗೈಯಗಲ ಗದ್ದೆ. ಈ ಮಂಡಿ ಇಟ್ಟುಕೊಂಡು ಉಳೋಕಾಗುತ್ತಾ? ನಿಮ್ಮವರು ನಾಳೆ ಒಂದು ದಿನ ಮಾಚಯ್ಯನ ಮಾತು ಎತ್ತದಿದ್ರೆ ಸಾಕು.” ಅವಳು ಹೋದ ಮೇಲೆ ನನ್ನ ಹೆಂಡತಿ ನನ್ನ ಎದುರು ಬಂದು ಕೂತಳು. “ರೀ, ಸುಮ್ಮನಿರೋದು ನಿಮ್ಮಿಂದ ಆಗಲ್ಲ, ಗೊತ್ತು. ಮಾತಾಡಿ. ಆದರೆ ಬೋಪಯ್ಯಣ್ಣನ ಪರವಾಗಿ ಮಾತಾಡಿ.” ಆ ಇಡೀ ದಿನ ಬೋಪಯ್ಯನ ಪರವಾಗಿ ಏನು ಹೇಳುವುದೆಂದು ಯೋಚಿಸುತ್ತಾ ಹಿತ್ತಲಲ್ಲಿ ಓಡಾಡಿದೆ.

ಸೋಮವಾರ ದೊರೆಯ ಬಂಗಲೆಯ ವರಾಂಡದಲ್ಲಿ ಸೇರಿದೆವು. ಮಾಚಯ್ಯ ಬರಲಿಲ್ಲ, ಅವನು ಅಂಥ ಕಡೆಗೆಲ್ಲ ಬರುವವನಲ್ಲ. ಬೋಪಯ್ಯ ಕಂಬಕ್ಕೊರಗಿ ನಿಂತಿದ್ದ. ದೊರೆ, “ಹೇಳು ಗೌಡ” ಎಂದ. ನಂಬಿಯಾರ್ ಆಗಲೇ ತಲೆ ಮೇಲೆ ಕೈ ಹೊತ್ತಿದ್ದರು. ನಾನು ಶುರುಮಾಡಿದೆ. ಬೋಪಯ್ಯನ ಗೋಲುಗಳು, ಉಗುರು, ಬರಿಗಾಲು ಎಲ್ಲ ಹೇಳಿ ಕೊನೆಗೆ ಹಿತ್ತಲಲ್ಲಿ ಹೊಳೆದದ್ದನ್ನು ಹೊರತೆಗೆದೆ. “ದೊರೆಗಳೇ, ಮಾಚಯ್ಯನ ಆ ವರ್ಷ ತುಲಾ ಸಂಕ್ರಮಣ ಕಳೆದರೂ ಮಳೆ ಬಿಡಲಿಲ್ಲ. ಮೈದಾನವೆಲ್ಲ ಕೆಸರು. ಕೆಸರಲ್ಲಿ ಚೆಂಡು ತಾನಾಗೇ ನಿಲ್ಲುತ್ತೆ, ಅದನ್ನು ತಡೆಯೋದೇನು ಮಹಾ? ಬೋಪಯ್ಯನ ವರ್ಷ ನೆಲ ಒಣಗಿತ್ತು. ಅವನಿಗೆ ಯಾವ ಕೆಸರೂ ಸಹಾಯ ಮಾಡಲಿಲ್ಲ.” ನಂಬಿಯಾರ್ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ದೊರೆ ತಲೆದೂಗಿದ. ಸತ್ಯ ಹೇಳುತ್ತೇನೆ, ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಮಾತಾಡಿರಲಿಲ್ಲ. ಮುತ್ತವ್ವ ಗೆದ್ದಳು ಎಂದುಕೊಂಡೆ.

ದೊರೆ ಮರ್ಯಾದೆಗೆಂದು ಬೋಪಯ್ಯನ ಕಡೆ ತಿರುಗಿ, “ನೀನು ಏನು ಹೇಳೋದು?” ಎಂದ.

ಬೋಪಯ್ಯ ಕಂಬ ಬಿಟ್ಟು ನೆಟ್ಟಗೆ ನಿಂತ. “ಮಾಚಯ್ಯನದೇ ದೊಡ್ಡದು” ಎಂದ.

ನಾನು ಅವನ ಅಂಗಿ ಜಗ್ಗಿದೆ. ಅವನು ಕೈ ಬಿಡಿಸಿಕೊಂಡ. “ಗೌಡ್ರು ಇವತ್ತು ನನ್ನ ಮೇಲಿನ ಪ್ರೀತಿಗೆ ಹೀಗೆ ಹೇಳ್ತಿದ್ದಾರೆ. ಇಷ್ಟು ವರ್ಷ ಮಾಚಯ್ಯನದೇ ದೊಡ್ಡದು ಅಂತಿದ್ದರು. ಮೊದಲು ಕೇಳುವಾಗ ನನಗೆ ಮೈ ಉರೀತಿತ್ತು. ಮನೆಗೆ ಹೋಗಿ ಯೋಚನೆ ಮಾಡ್ತಿದ್ದೆ. ಆಗದೇ ಹೋದ ಗೋಲನ್ನು ಯಾರು ನೋಡ್ತಾರೆ ಅಂತ ಇವರು ಹೇಳ್ತಾರಲ್ಲ, ಅದು ಸರಿಯಾದ ಮಾತು. ಅವನ ಎದುರು ಆಡಿದವನು ನಾನು, ನಾನೇ ಸುಳ್ಳು ಹೇಳಿದರೆ ಹೇಗೆ?”

ಅಯ್ಯೋ ಮಹಾರಾಯ! ಜೀವಮಾನದಲ್ಲಿ ನನ್ನ ವಾದಕ್ಕೆ ಒಪ್ಪಿದ ಒಬ್ಬನೇ ಒಬ್ಬ ಮನುಷ್ಯ ಅವನಾಗಬೇಕಿತ್ತೇ? ಅವನ ಕೆನ್ನೆಗೆ ಹೊಡೆಯಬೇಕೋ, ಕಾಲಿಗೆ ಬೀಳಬೇಕೋ ತಿಳಿಯದೆ ನಿಂತುಬಿಟ್ಟೆ. ದೊರೆ ಎದ್ದು ಅವನ ಕೈ ಕುಲುಕಿದ. ಭಾರಿ ಮೆಚ್ಚಿಕೊಂಡ. ಮೆಚ್ಚಿಕೊಂಡು, ಮಾಚಯ್ಯನನ್ನೇ ಉಳಿಸಿಕೊಂಡ.

ತಿಂಗಳ ಕೊನೆಗೆ ಬೋಪಯ್ಯನನ್ನು ಬೀಳ್ಕೊಡಲು ಸುಂಟಿಕೊಪ್ಪದ ಬಸ್ ಸ್ಟ್ಯಾಂಡಿಗೆ ಹೋದೆ. ನಂಬಿಯಾರ್ ಬರುತ್ತೇನೆಂದವರು ಬರಲಿಲ್ಲ, ಕಣ್ಣಲ್ಲಿ ನೀರು ಬರುತ್ತದೆಂದರು. ಟ್ರಂಕು, ಹಾಸಿಗೆ ಸುರುಳಿ, ಪಾತ್ರೆ ಚೀಲ ಎಲ್ಲ ಬಸ್ಸಿನ ಮೇಲೆ ಏರಿದ್ದವು. ಮುತ್ತವ್ವ ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು, ನನ್ನ ಮುಖ ನೋಡುವಂತಿರಲಿಲ್ಲ. ಅವನಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಹುಡುಕುತ್ತಿದ್ದೆ.

ಬೋಪಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಗೌಡ್ರೇ, ಅವತ್ತು ಬಂಗಲೆಯಲ್ಲಿ ನೀವು ಕೆಸರಿನ ವಿಷಯ ಹೇಳಿದ್ರಲ್ಲ, ಅದನ್ನು ನಾನು ಮೊದಲು ಕೇಳಿರಲಿಲ್ಲ. ಈಗ ಯೋಚನೆ ಮಾಡಿದರೆ ಅದೂ ಸರಿ ಅಂತಲೇ ಕಾಣುತ್ತೆ. ನನ್ನ ವರ್ಷವೇ ಒಂದು ಕೈ ಮೇಲೇನೋ.” ಇಷ್ಟು ದಿನಗಳಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗು ಕಂಡಿತು.

“ಅದು ಹೇಗಾಗುತ್ತೆ ಬೋಪಯ್ಯ?” ಎಂದೆ ನಾನು. “ಕೆಸರಲ್ಲಿ ತಡೆಯೋನ ಕಾಲೂ ಜಾರುತ್ತಲ್ಲ...”

ಪುಣ್ಯಕ್ಕೆ ಬಸ್ಸು ಹೊರಟಿತು. ಅವನಿಗೆ ಕೇಳಿಸಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.